ಭರಣಿಯೊಳಗಿನ ಹಬ್ಬ

ಹಬ್ಬ ಬಂದಾಗ ಉಳ್ಳವರಿಗೆ ಕೊಡುವುದೇ ಒಂದು ಸಂಭ್ರಮ. ಕೊಡಲು ಕೈಯಲ್ಲಿ ಏನೂ ಇಲ್ಲದವರಿಗೆ ಅದೇ ಹಬ್ಬ ಸಂಕೋಚದ ದಿನವೂ ಆಗುತ್ತದೆ. ಅಮೆರಿಕದ ಸಾಧಾರಣ ಕುಟುಂಬಗಳು ಈ ಸಂಕೋಚಕ್ಕೆ ಕಂಡುಕೊಂಡ ಪರಿಹಾರವೊಂದು ಗಾಜಿನ ಭರಣಿಯಲ್ಲಿದೆ. ಕ್ರಿಸ್‌ಮಸ್ ಹತ್ತಿರವಾದಂತೆ ಅಲ್ಲಿನ ಅನೇಕ ಮನೆಗಳಲ್ಲಿ ಮೈದಾ, ಸಕ್ಕರೆ, ಓಟ್ಸ್, ಕೋಕೋ ಪುಡಿ, ಒಣದ್ರಾಕ್ಷಿಗಳನ್ನು ಅಳೆದು ಪದರ ಪದರವಾಗಿ ಭರಣಿಗೆ ತುಂಬುತ್ತಾರೆ. ಎಷ್ಟು ಬೆಣ್ಣೆ, ಎಷ್ಟು ಮೊಟ್ಟೆ ಸೇರಿಸಬೇಕೆಂದು ಚೀಟಿ ಬರೆದು ಮುಚ್ಚಳಕ್ಕೆ ಕಟ್ಟುತ್ತಾರೆ. ಪಡೆದವರು ತಮಗೆ ಬೇಕೆನಿಸಿದ ದಿನ ಕಲಸಿ ಬೇಯಿಸಿಕೊಳ್ಳಬಹುದು. ಇಷ್ಟು ಸರಳವಾದ ಉಡುಗೊರೆಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ.

ಮೊದಲು ಭರಣಿಯ ಕತೆ. ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡು ಕೆಲಸಗಾರ ತಿರುಪು ಮುಚ್ಚಳದ ಗಾಜಿನ ಭರಣಿಗೆ 1858ರ ನವೆಂಬರ್ 30ರಂದು ಪೇಟೆಂಟ್ ಪಡೆದ. ಬೇಸಿಗೆಯ ಹಣ್ಣು, ತರಕಾರಿಗಳನ್ನು ಚಳಿಗಾಲಕ್ಕೆ ಕಾಪಿಡಲು ರೈತ ಕುಟುಂಬಗಳಿಗೆ ಅದು ವರದಾನವಾಯಿತು. 1879ರಲ್ಲಿ ಪೇಟೆಂಟಿನ ಅವಧಿ ಮುಗಿದ ಮೇಲೆ ಲಾಭವೆಲ್ಲ ದೊಡ್ಡ ಕಾರ್ಖಾನೆಗಳ ಪಾಲಾಯಿತು. ಮೇಸನ್ 1902ರಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ಹೆಸರು ಮಾತ್ರ ಇಂದಿಗೂ ಆ ಭರಣಿಗಳಿಗೆ ಉಳಿದಿದೆ.

ಭರಣಿಯೊಂದಿದ್ದರೆ ಸಾಲದು. ಹಿಟ್ಟು ಉಬ್ಬಬೇಕಾದರೆ ಯೀಸ್ಟ್ ಹಾಕಿ ಹುದುಗು ಬರಿಸಬೇಕಿದ್ದ ಕಾಲದಲ್ಲಿ ಒಣ ಮಿಶ್ರಣವನ್ನು ಕಟ್ಟಿಡುವುದು ಸಾಧ್ಯವಿರಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಲ್ಫ್ರೆಡ್ ಬರ್ಡ್, ತನ್ನ ಹೆಂಡತಿಗೆ ಯೀಸ್ಟ್ ಒಗ್ಗುವುದಿಲ್ಲವೆಂದು 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದ. ಸೋಡಾ ಮತ್ತು ಆಮ್ಲೀಯ ಲವಣಗಳು ಒಣಗಿರುವಷ್ಟು ಕಾಲ ಸುಮ್ಮನಿರುತ್ತವೆ, ಜೊತೆಗಿರುವ ಪಿಷ್ಟ ತೇವವನ್ನು ಹೀರಿಕೊಳ್ಳುತ್ತದೆ. ನೀರು ತಾಗಿದೊಡನೆ ಅನಿಲ ಹೊರಟು ಹಿಟ್ಟು ಉಬ್ಬುತ್ತದೆ. ಉಡುಗೊರೆಯ ಭರಣಿ ತಿಂಗಳುಗಟ್ಟಲೆ ಕಾಯಬಲ್ಲದಾದರೆ ಈ ಪುಡಿಯೇ ಅದಕ್ಕೆ ಕಾರಣ.

ಈ ಅನುಕೂಲವನ್ನು ವ್ಯಾಪಾರಿಗಳು ಬೇಗನೆ ಗುರುತಿಸಿದರು. 1889ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಪಟ್ಟಣದಲ್ಲಿ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣ ಸಿದ್ಧವಾಯಿತು. ಅದಕ್ಕಿಟ್ಟ ಹೆಸರು 'ಆಂಟ್ ಜೆಮೈಮಾ'. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಗೇಲಿ ಮಾಡುತ್ತಿದ್ದ ಆಟಗಳಿಂದ ಎತ್ತಿಕೊಂಡ ಹೆಸರದು. 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ ಆ ಪಾತ್ರವನ್ನು ವಹಿಸಿ ಜನರೆದುರು ಪ್ಯಾನ್‌ಕೇಕ್ ಬೇಯಿಸಿದವರು ನ್ಯಾನ್ಸಿ ಗ್ರೀನ್. ಗುಲಾಮಗಿರಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತ್ತು, ಆದರೆ ನಗುನಗುತ್ತ ಬಡಿಸುವ ಕರಿಯ ಅಡುಗೆಯವಳ ಕನಸನ್ನು ಪೊಟ್ಟಣದಲ್ಲಿ ಕಟ್ಟಿ ಮಾರಲಾಗುತ್ತಿತ್ತು. ಒಡೆಯರು ಆ ಹೆಸರನ್ನು ಕೈಬಿಡುವುದಾಗಿ ಸಾರಿದ್ದು 2020ರಲ್ಲಿ. ಮರುವರ್ಷ ಹೊಸ ಹೆಸರು ಬಂತು.

ಕೇಕಿನ ಹಿಟ್ಟಿನದು ಇನ್ನೊಂದು ಪಾಠ. ಪಿಟ್ಸ್‌ಬರ್ಗಿನ ಡಫ್ ಕಂಪೆನಿಯಲ್ಲಿ ಕಾಕಂಬಿ ಮಾರಾಟವಾಗದೆ ಉಳಿದಿತ್ತು. ಅದನ್ನು ಹಿಟ್ಟಿನೊಂದಿಗೆ ಬೆರೆಸಿ ಒಣಗಿಸಿ, ಶುಂಠಿ ಕೇಕಿನ ಪುಡಿ ಮಾಡುವ ವಿಧಾನಕ್ಕೆ 1933ರಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿ ಒಣಗಿಸಿದ ಮೊಟ್ಟೆಯೂ ಇತ್ತು, ನೀರು ಬೆರೆಸಿದರೆ ಸಾಕು. ಆದರೆ ಗೃಹಿಣಿಯರು ತಾವೇ ತಾಜಾ ಮೊಟ್ಟೆ ಒಡೆದು ಹಾಕಲು ಬಯಸುತ್ತಾರೆಂದು ಅದೇ ಕಂಪೆನಿ 1935ರ ಪೇಟೆಂಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ತನ್ನ ಕೈ ತಾಗದ ಅಡುಗೆಯನ್ನು ತನ್ನದೆಂದು ಬಡಿಸಲು ಆ ಹೆಂಗಸರಿಗೆ ಮನಸ್ಸಾಗಲಿಲ್ಲ.

ಉಡುಗೊರೆಯ ಭರಣಿಗೆ ದಾರಿ ತೆರೆದದ್ದು ಈ ಮನಸ್ಸೇ ಎಂದು ನಾವು ತಿಳಿಯುತ್ತೇವೆ. ಪೊಟ್ಟಣದಲ್ಲಿರುವುದು ಹಿಟ್ಟು, ಉಪ್ಪು, ಸಕ್ಕರೆ, ಒಂದಿಷ್ಟು ಪುಡಿ ಮಾತ್ರ ಎಂಬುದು ಗೃಹಿಣಿಯರಿಗೆ ಗೊತ್ತಿತ್ತು. 1914ರ ಕಾನೂನಿನಿಂದ ಅಮೆರಿಕದಲ್ಲಿ ನೆಲೆಗೊಂಡ ಕೃಷಿ ವಿಸ್ತರಣಾ ಸೇವೆ ಕಾಲಕ್ರಮದಲ್ಲಿ ಇಂಥ ಮಿಶ್ರಣಗಳನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳುವ ಕ್ರಮವನ್ನೂ ಕಲಿಸಿತು. ಸಗಟಾಗಿ ತಂದ ಹಿಟ್ಟು, ಮನೆಯಲ್ಲಿ ಬರಿದಾದ ಭರಣಿ, ಒಂದು ಸಂಜೆಯ ಬಿಡುವು ಇಷ್ಟಿದ್ದರೆ ಹತ್ತು ಮನೆಗಳಿಗೆ ಉಡುಗೊರೆ ಸಿದ್ಧ. ಇಪ್ಪತ್ತನೆಯ ಶತಮಾನದ ಕೊನೆಗೆ ಇದು ಜನಪ್ರಿಯ ರೂಢಿಯಾಯಿತು. ಕಂಪೆನಿಯ ಪೊಟ್ಟಣದ ಮೇಲೆ ಸುಳ್ಳು ಮುಖವೊಂದಿತ್ತು. ಭರಣಿಯ ಚೀಟಿಯಲ್ಲಿ ಕೊಟ್ಟವರ ಕೈಬರಹ ಇದೆ.

ನಮಗೆ ಇದು ತೀರ ಪರಕೀಯವಲ್ಲ. ತವರಿನಿಂದ ಹೊರಟ ಮಗಳ ಚೀಲದಲ್ಲಿ ತಾಯಿ ಇಡುವ ಸಾರಿನ ಪುಡಿಯ ಡಬ್ಬಿಯೂ ಇದೇ ಜಾತಿಯದು. ಹುರಿದು, ಕುಟ್ಟಿ, ಹದ ಮಾಡುವ ಕೆಲಸವೆಲ್ಲ ಮುಗಿದಿರುತ್ತದೆ. ಕೊನೆಯ ಕುದಿ ಮಾತ್ರ ಮಗಳ ಪಾಲಿಗೆ ಬಿಟ್ಟಿರುತ್ತದೆ.

ಆದರೂ ಒಂದು ಮಾತನ್ನು ಮರೆಯಬಾರದು. ಇಂಥ ಉಡುಗೊರೆಯನ್ನು 'ಅಗ್ಗ' ಎನ್ನುವಾಗ ನಾವು ಹಿಟ್ಟಿನ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತೇವೆ. ಅಳೆದು ತುಂಬಿದವರ ಹೊತ್ತಿಗೆ, ಹೆಚ್ಚಾಗಿ ಹೆಂಗಸರದ್ದೇ ಆದ ಆ ದುಡಿಮೆಗೆ, ಯಾರೂ ಬೆಲೆ ಕಟ್ಟುವುದಿಲ್ಲ. ನ್ಯಾನ್ಸಿ ಗ್ರೀನ್ ಅವರ ದುಡಿಮೆ ಮರೆಯಾದದ್ದು ಪೊಟ್ಟಣದ ಚಿತ್ರದ ಹಿಂದೆ, ಮನೆಯ ಹೆಂಗಸರದ್ದು ಮರೆಯಾಗುವುದು ಪ್ರೀತಿಯ ಹೆಸರಿನಲ್ಲಿ. ಭರಣಿ ಕೈಗೆ ಬಂದಾಗ ರುಚಿಯನ್ನು ಹೊಗಳುವ ಮೊದಲು ಅದನ್ನು ತುಂಬಿದ ಕೈಯನ್ನು ನೆನೆಯೋಣ. ಮುಂದಿನ ಹಬ್ಬಕ್ಕೆ ಅಳೆಯುವ ಕೆಲಸದಲ್ಲಿ ಮನೆಯ ಗಂಡಸರೂ ಕೈ ಸೇರಿಸಿದರೆ ಇನ್ನೂ ಒಳ್ಳೆಯದು.