ತಗ್ಗಿಸಿದ ಉಸಿರು

ನುಡಿಗಟ್ಟುಗಳನ್ನು ತರಗತಿಯಲ್ಲಿ ಪಾಠ ಮಾಡುವ ಕ್ರಮವೊಂದಿದೆ. ಕರಿಹಲಗೆಯ ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ, ಕೆಳಗೊಂದು ಸ್ವಂತ ವಾಕ್ಯ. 'ಔಟ್ ಆಫ್ ಬ್ರೆತ್' ಎಂದರೆ ಏದುಸಿರು. 'ಟು ಬ್ರೀದ್ ಒನ್ಸ್ ಲಾಸ್ಟ್' ಎಂದರೆ ಕೊನೆಯುಸಿರೆಳೆಯುವುದು. 'ಇನ್ ದ ಸೇಮ್ ಬ್ರೆತ್' ಎಂದರೆ ಒಂದೇ ಉಸಿರಿನಲ್ಲಿ. ಕನ್ನಡದ ಮಕ್ಕಳಿಗೆ ಇವು ಕಷ್ಟವೆನಿಸುವುದಿಲ್ಲ, ಏಕೆಂದರೆ ನಮ್ಮ ಭಾಷೆಯಲ್ಲೂ ಇವಕ್ಕೆ ಸರಿಸಾಟಿಯಾದ ಮಾತುಗಳುಂಟು. ಆದರೆ ಇವುಗಳ ಹಿಂದಿನ ಚರಿತ್ರೆಗೆ ನಲವತ್ತು ನಿಮಿಷದ ಅವಧಿಯಲ್ಲಿ ಎಡೆಯಿರುವುದಿಲ್ಲ. ಬಿಡುವು ದೊರೆತ ಮೇಲೆ ಆ ಚರಿತ್ರೆಯ ಒಂದೆರಡು ಎಳೆಗಳನ್ನು ಹಿಡಿದು ಹೊರಟ ನನಗೆ, ಅವು ಕೊಂಡೊಯ್ದ ಸ್ಥಳಗಳು ಅನಿರೀಕ್ಷಿತವಾಗಿದ್ದವು.

ಮೊದಲು ಪದದ ಮಾತು. 'ಬ್ರೆತ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಉಸಿರೆಂಬ ಅರ್ಥವೇ ಇರಲಿಲ್ಲ. ವಾಸನೆ, ಆವಿ ಎಂಬುದು ಅದರ ಅರ್ಥ. ಉಸಿರಿಗೆ 'ಆ್ಯಥ್ಮ್' ಎಂಬ ಬೇರೊಂದು ಪದವಿತ್ತು. ಜರ್ಮನ್ ಭಾಷೆಯಲ್ಲಿ ಅದರ ಸೋದರಪದ 'ಆಟೆಮ್' ಇಂದಿಗೂ ಉಸಿರೆಂದೇ ಬಳಕೆಯಲ್ಲಿದೆ. ಸಂಸ್ಕೃತದ 'ಆತ್ಮನ್' ಕೂಡ ಅದೇ ಕುಲದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇಂಗ್ಲಿಷ್ ಆ ಪದವನ್ನು ಕಳೆದುಕೊಂಡಿತು. ಲ್ಯಾಟಿನ್ನಿನ 'ಆನಿಮಾ' ಎಂದರೂ ಉಸಿರು, ಪ್ರಾಣ; ಅದರಿಂದ 'ಅನಿಮಲ್' ಬಂದಿತು. ನಮ್ಮಲ್ಲಿ ಪ್ರಾಣದಿಂದ ಪ್ರಾಣಿ ಬಂದಂತೆಯೇ! ಎರಡರ ಧಾತುವೂ ಒಂದೇ. ಇನ್ನು ಉಸಿರಾಡುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ 'ಇನ್‌ಸ್ಪೈರ್', 'ಕಾನ್‌ಸ್ಪೈರ್', 'ಎಕ್ಸ್‌ಪೈರ್' ಹುಟ್ಟಿದವು. ಪಿತೂರಿ ಎಂದರೆ ಮೂಲದಲ್ಲಿ ಕೂಡಿ ಉಸಿರಾಡುವುದು. ಔಷಧದಂಗಡಿಯಲ್ಲಿ ನಾವು ಕನ್ನಡಕ ಏರಿಸಿಕೊಂಡು ಹುಡುಕುವ 'ಎಕ್ಸ್‌ಪೈರಿ' ದಿನಾಂಕವಾದರೋ, ಆ ಮಾತ್ರೆ ಕೊನೆಯುಸಿರೆಳೆಯುವ ದಿನ.

ಇದು ಪದಕೋಶದ ವಿನೋದ. ನುಡಿಗಟ್ಟಿನ ವಿಷಯ ಇಷ್ಟು ಹಗುರವಲ್ಲ.

'ವಿತ್ ಬೇಟೆಡ್ ಬ್ರೆತ್' ಎಂಬುದಕ್ಕೆ ಇಂದು ಎಲ್ಲರೂ ಕೊಡುವ ಅರ್ಥ, ಕುತೂಹಲದಿಂದ ಉಸಿರು ಬಿಗಿಹಿಡಿದು ಎಂದು. ಕ್ರಿಕೆಟ್ ಪಂದ್ಯದ ಕೊನೆಯ ಓವರನ್ನು ನೋಡುವವರಿಗೆ ಪತ್ರಿಕೆಗಳು ಈ ಮಾತನ್ನು ಉದಾರವಾಗಿ ಅಂಟಿಸುತ್ತವೆ. 'ಬೇಟ್' ಎಂಬುದು 'ಅಬೇಟ್' ಪದದ ಮೊಟಕಾದ ರೂಪ. ತಗ್ಗಿಸು, ಕುಗ್ಗಿಸು ಎಂದರ್ಥ. ಬೇರೆಲ್ಲ ಕಡೆ ಬಹುಮಟ್ಟಿಗೆ ಸತ್ತುಹೋದ ಈ ಪದ ಈ ಒಂದು ನುಡಿಗಟ್ಟಿನಲ್ಲಿ ಬದುಕಿದೆ. ಅದರ ಕಾಗುಣಿತ ತಿಳಿಯದವರು ಒಂದು ಅಕ್ಷರ ಹೆಚ್ಚಾಗಿ ಸೇರಿಸಿ ಗಾಳದ ಎರೆಯಾಗಿಸಿಬಿಡುತ್ತಾರೆ. ಗಿಣ್ಣು ತಿಂದ ಬೆಕ್ಕು ಇಲಿಯ ಬಿಲದ ಮುಂದೆ ಬಾಯಿ ತೆರೆದು ಕಾಯುತ್ತಿತ್ತು ಎಂಬ ಹಳೆಯ ಹಾಸ್ಯ ಹುಟ್ಟಿದ್ದೂ ಅದರಿಂದಲೇ.

ಈ ಮಾತು ಪ್ರಸಿದ್ಧವಾದದ್ದು ಷೇಕ್ಸ್‌ಪಿಯರನ 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದಿಂದ. 1596-97ರ ಸುಮಾರಿಗೆ ರಚಿತವಾಗಿ 1600ರಲ್ಲಿ ಅಚ್ಚಾದ ನಾಟಕವದು. ಮೊದಲ ಅಂಕದಲ್ಲಿ ಸಾಲ ಕೇಳಲು ಬಂದ ಆಂಟೋನಿಯೋವನ್ನು ಶೈಲಾಕ್ ತಡೆದು ನಿಲ್ಲಿಸುತ್ತಾನೆ. ಹಿಂದೆ ತನ್ನನ್ನು ನಾಯಿ ಎಂದು ಕರೆದು, ಗಡ್ಡದ ಮೇಲೆ ಉಗುಳಿದವನು ಇದೇ ಮನುಷ್ಯ. ಈಗ ತಾನು ಜೀತದಾಳಿನ ದನಿಯಲ್ಲಿ, ಬಾಗಿ, ಉಸಿರು ತಗ್ಗಿಸಿ, ಆ ಉಪಕಾರಗಳಿಗೆ ಪ್ರತಿಯಾಗಿ ಹಣ ಕೊಡುತ್ತೇನೆಂದು ಪಿಸುಗುಟ್ಟಬೇಕೇ ಎಂದು ಕೇಳುತ್ತಾನೆ. ಇಲ್ಲಿ ಕುತೂಹಲದ ಸುಳಿವೂ ಇಲ್ಲ. ಒಡೆಯನ ಎದುರಿಗೆ ಆಳು ತನ್ನ ಉಸಿರನ್ನೂ ಕಡಿಮೆ ಮಾಡಿಕೊಳ್ಳಬೇಕಾದ ಸ್ಥಿತಿ ಇದು. ಇಂಗ್ಲೆಂಡಿನಿಂದ ಯಹೂದಿಗಳನ್ನು 1290ರಲ್ಲಿಯೇ ಹೊರಹಾಕಲಾಗಿತ್ತು. ನಾಟಕವನ್ನು ನೋಡಿದವರಲ್ಲಿ ಹೆಚ್ಚಿನವರು ಬಹಿರಂಗವಾಗಿ ಬಾಳುವ ಒಬ್ಬ ಯಹೂದಿಯನ್ನೂ ಕಂಡಿರಲಾರರು. ಆದರೂ ತಗ್ಗಿದ ಉಸಿರು ಎಂದರೇನೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಕಾಲಕ್ರಮದಲ್ಲಿ ಅವಮಾನ ಸೋರಿಹೋಗಿ ರೋಮಾಂಚನ ಮಾತ್ರ ಉಳಿಯಿತು. ಇದನ್ನು ಅರ್ಥವಿಕಾಸವೆಂದು ಕರೆಯಲು ನನಗೇಕೋ ಮನಸ್ಸು ಒಪ್ಪುವುದಿಲ್ಲ.

ಸಾಲದ ಮಾತು ಬಂದಿರುವುದರಿಂದ ಇನ್ನೊಂದನ್ನು ಹೇಳಿ ಮುಂದೆ ಹೋಗುತ್ತೇನೆ. 'ಬ್ರೀದಿಂಗ್ ಸ್ಪೇಸ್', ಅಂದರೆ ಉಸಿರಾಡಲು ಬಿಡುವು, ಎಂಬ ನುಡಿಗಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗ ಕಾನೂನಿನ ಹೆಸರೇ ಆಗಿದೆ. 2021ರ ಮೇ 4ರಿಂದ ಜಾರಿಗೆ ಬಂದ ಆ ಯೋಜನೆಯಂತೆ, ಸಾಲದಲ್ಲಿ ಮುಳುಗಿದವರಿಗೆ 60 ದಿನಗಳವರೆಗೆ ಸಾಲಗಾರರ ಕಾಟದಿಂದ ರಕ್ಷಣೆಯುಂಟು.

ಕನ್ನಡದಲ್ಲಿಯೂ ಉಸಿರಿಗೂ ಅಧಿಕಾರಕ್ಕೂ ಇರುವ ನಂಟು ಹಳೆಯದು. ಹಳಗನ್ನಡದ 'ಉಸಿರ್' ಎಂಬ ಕ್ರಿಯಾಪದಕ್ಕೆ ಉಸಿರಾಡು ಎಂಬಂತೆಯೇ ಹೇಳು, ನುಡಿ ಎಂಬ ಅರ್ಥವೂ ಇದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ತೆರೆದರೆ ಎರಡೂ ಅರ್ಥಗಳು ಅಕ್ಕಪಕ್ಕದಲ್ಲಿಯೇ ಕುಳಿತಿವೆ. 'ಉಸಿರೆತ್ತು' ಎಂದರೆ ಎದುರಾಡು. 'ಉಸಿರೆತ್ತದೆ ಇರು' ಎಂದರೆ ಸಹಿಸಿಕೊಂಡಿರು. ಇಂಗ್ಲಿಷಿನ 'ಡೋಂಟ್ ಬ್ರೀದ್ ಎ ವರ್ಡ್' ಗುಟ್ಟು ಕಾಯುವ ಮಾತು ಮಾತ್ರ. ನಮ್ಮ ಉಸಿರೆತ್ತದಿರುವಿಕೆಯಲ್ಲಿ ಭಯವೂ ಸೇರಿದೆ. ಶೈಲಾಕನ ಮಾತಿಗೆ ಇದೇ ಹತ್ತಿರವೆಂದು ನನ್ನ ಎಣಿಕೆ.

ಉಸಿರಿನ ಮಾತೊಂದು ನ್ಯಾಯಾಲಯವನ್ನು ಹೊಕ್ಕ ಸಂಗತಿ ಇನ್ನೂ ಗಂಭೀರವಾದುದು. ಒಂದನೆಯ ಎಲಿಜಬೆತ್‌ಳ ಕಾಲದಲ್ಲಿ, 1569ರಲ್ಲಿ, ಕಾರ್ಟ್‌ರೈಟ್ ಎಂಬಾತ ರಷ್ಯಾದಿಂದ ಗುಲಾಮನೊಬ್ಬನನ್ನು ಕರೆತಂದು ಚಾಟಿಯಿಂದ ಹೊಡೆಯಹೊರಟಾಗ ಅವನನ್ನು ವಿಚಾರಿಸಲಾಯಿತಂತೆ. ಗುಲಾಮನು ಉಸಿರಾಡಲು ಇಂಗ್ಲೆಂಡಿನ ಗಾಳಿ ತೀರ ಪರಿಶುದ್ಧವಾದದ್ದು ಎಂಬ ತೀರ್ಮಾನ ಆಗ ಹೊರಟಿತೆಂದು ನಂತರದ ಬರಹಗಳು ದಾಖಲಿಸಿವೆ. ಈ ಮಾತು ಎರಡು ಶತಮಾನಗಳ ಬಳಿಕ ಜೇಮ್ಸ್ ಸಾಮರ್‌ಸೆಟ್ ಎಂಬವನ ಮೊಕದ್ದಮೆಯಲ್ಲಿ ಮತ್ತೆ ಕೇಳಿಬಂದಿತು. ವರ್ಜೀನಿಯಾದಲ್ಲಿ ಕ್ರಯಕ್ಕೆ ಕೊಳ್ಳಲ್ಪಟ್ಟಿದ್ದ ಸಾಮರ್‌ಸೆಟ್‌ನನ್ನು ಒಡೆಯನು 1769ರಲ್ಲಿ ಇಂಗ್ಲೆಂಡಿಗೆ ಕರೆತಂದಿದ್ದನು. 1771ರಲ್ಲಿ ಆತ ತಪ್ಪಿಸಿಕೊಂಡನು. ಹಿಡಿದು ತಂದು, ಜಮೈಕಾದಲ್ಲಿ ಮಾರಲೆಂದು ಹಡಗಿನಲ್ಲಿ ಸರಪಳಿಯಿಂದ ಬಿಗಿದಿಟ್ಟರು. ಗ್ರ್ಯಾನ್‌ವಿಲ್ ಶಾರ್ಪ್ ಮೊದಲಾದವರ ಯತ್ನದಿಂದ ಪ್ರಕರಣ ಲಾರ್ಡ್ ಮ್ಯಾನ್ಸ್‌ಫೀಲ್ಡರ ಮುಂದೆ ಬಂದಿತು. ಆಗ ಸಾಮರ್‌ಸೆಟ್‌ನ ಪರವಾಗಿ ವಾದಿಸಿದ ವಿಲಿಯಂ ಡೇವಿ ಎಂಬ ವಕೀಲರು ಆ ಪರಿಶುದ್ಧ ಗಾಳಿಯ ಮಾತನ್ನು ನೆನಪಿಸಿದರು. 1772ರ ಜೂನ್ 22ರಂದು ತೀರ್ಪು ಹೊರಬಿತ್ತು, ಸಾಮರ್‌ಸೆಟ್ ಬಿಡುಗಡೆಯಾದನು. ಗಾಳಿಯ ಮಾತನ್ನು ಮ್ಯಾನ್ಸ್‌ಫೀಲ್ಡರೇ ಆಡಿದರೆಂದು ಅನೇಕ ಪುಸ್ತಕಗಳು ಬರೆದಿವೆ. ಅವರು ಹೇಳಿದ್ದು ಅದಕ್ಕಿಂತ ಒಣಗಿದ ಮಾತು: ಇಂಥ ಹೇಯವಾದ ಪದ್ಧತಿಗೆ ಸ್ಪಷ್ಟವಾದ ಶಾಸನದ ಆಧಾರ ಬೇಕು, ಅದು ಇಲ್ಲಿಲ್ಲ, ಎಂದು.

ನುಡಿಗಟ್ಟೇನೋ ಭವ್ಯವಾದದ್ದೇ. ಆದರೆ ಅದೇ ವರ್ಷಗಳಲ್ಲಿ ಲಿವರ್‌ಪೂಲ್, ಬ್ರಿಸ್ಟಲ್‌ಗಳಿಂದ ಹೊರಟ ಹಡಗುಗಳ ಒಡಲಿನಲ್ಲಿದ್ದ ಗಾಳಿ ಎಂಥದು? ನಾಲ್ಕು ಬಾರಿ ಅಂಥ ಹಡಗುಗಳಲ್ಲಿ ವೈದ್ಯನಾಗಿ ಹೋಗಿಬಂದ ಅಲೆಕ್ಸಾಂಡರ್ ಫಾಲ್ಕನ್‌ಬ್ರಿಜ್ 1788ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಓದಿದರೆ ತಿಳಿಯುತ್ತದೆ. ಮಳೆಗಾಳಿಯ ದಿನಗಳಲ್ಲಿ ಗಾಳಿಕಿಂಡಿಗಳನ್ನು ಮುಚ್ಚಬೇಕಾಗುತ್ತಿತ್ತು. ಕೆಳಗಿನ ಅಟ್ಟದಲ್ಲಿ ಸಾಲಾಗಿ ಮಲಗಿಸಿದ್ದ ಆಫ್ರಿಕದ ಜನ ಸೆಕೆಗೆ, ಜ್ವರಕ್ಕೆ, ರಕ್ತಭೇದಿಗೆ ಬಲಿಯಾಗುತ್ತಿದ್ದರು. ಅಲ್ಲಿಗೆ ಇಳಿದ ವೈದ್ಯನಿಗೇ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಇಂಗ್ಲೆಂಡಿನ ಗಾಳಿ ಅದರ ಹಡಗುಗಳ ಮೇಲಟ್ಟದವರೆಗೆ ಮಾತ್ರ ಬೀಸುತ್ತಿತ್ತೆಂದು ಕಾಣುತ್ತದೆ. ಗುಲಾಮರ ವ್ಯಾಪಾರ ನಿಷಿದ್ಧವಾದದ್ದು 1807ರಲ್ಲಿ, ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಕಾಯಿದೆ ಬಂದದ್ದು 1833ರಲ್ಲಿ. ಆ ಕಾಯಿದೆಯಿಂದಲೂ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು, ಎಂದರೆ ನಮ್ಮನ್ನು, ಹೊರಗಿಟ್ಟಿದ್ದರು. ಇಲ್ಲಿಯ ನ್ಯಾಯಾಲಯಗಳು ಗುಲಾಮರ ಮೇಲಿನ ಒಡೆತನವನ್ನು ಮಾನ್ಯ ಮಾಡಬಾರದೆಂಬ ಕಾಯಿದೆಗೆ 1843ರವರೆಗೆ ಕಾಯಬೇಕಾಯಿತು.

ಉಸಿರಿನ ಇಂಗ್ಲಿಷ್ ಮಾತುಗಳಲ್ಲಿ ನಮ್ಮ ಕಾಲದಲ್ಲಿ ಜಗತ್ತನ್ನೇ ಸುತ್ತಿದ್ದು ಮೂರು ಪದಗಳ ಒಂದು ವಾಕ್ಯ: 'ಐ ಕಾಂಟ್ ಬ್ರೀದ್'. 2014ರ ಜುಲೈ 17ರಂದು ನ್ಯೂಯಾರ್ಕಿನಲ್ಲಿ, ಪೊಲೀಸನ ತೋಳಿನ ಹಿಡಿತಕ್ಕೆ ಕೊರಳು ಸಿಕ್ಕಿದ್ದ ಎರಿಕ್ ಗಾರ್ನರ್ ಇದನ್ನು ಹನ್ನೊಂದು ಬಾರಿ ಹೇಳಿ ಸತ್ತನು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಇಪ್ಪತ್ತಕ್ಕೂ ಹೆಚ್ಚು ಬಾರಿ ಹೇಳಿದನು. ಒಂಬತ್ತು ನಿಮಿಷಗಳಿಗೂ ಮೀರಿ ಅವನ ಕೊರಳ ಮೇಲೆ ಮೊಣಕಾಲೊಂದು ಊರಿತ್ತು. ಇಬ್ಬರೂ ಕಪ್ಪುಜನಾಂಗದವರು, ಸಾಮರ್‌ಸೆಟ್‌ನಂತೆ. ಈ ವಾಕ್ಯದಲ್ಲಿ ಅಲಂಕಾರವಿಲ್ಲ, ವಾಚ್ಯಾರ್ಥವನ್ನು ಬಿಟ್ಟು ಬೇರೆ ಅರ್ಥವೂ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದು ಫಲಕಗಳ ಮೇಲೆ, ಗೋಡೆಗಳ ಮೇಲೆ, ಕೊರೋನಾದ ಕಾಲವಾದ್ದರಿಂದ ಬಾಯಿಗೆ ಕಟ್ಟಿದ ಮಾಸ್ಕುಗಳ ಮೇಲೆಯೂ ಬರೆಯಲ್ಪಟ್ಟಿತು. 2021ರ ಏಪ್ರಿಲ್ 20ರಂದು, ಆ ಮೊಣಕಾಲಿನ ಪೊಲೀಸ್ ಅಧಿಕಾರಿಯನ್ನು ಹನ್ನೆರಡು ಜನ ಜ್ಯೂರಿಗಳು ಕೊಲೆಯ ಅಪರಾಧಿಯೆಂದು ತೀರ್ಮಾನಿಸಿದರು.