14.7 ಅನ್ನೋ ಹಳೇ ಅಂಕಿ: ಆಕ್ಸಿಜನ್ ಸೆನ್ಸರಿನ ಕಥೆ

ಪುಣೆಯಲ್ಲಿ ಹಳೇ ಪೆಟ್ರೋಲ್ ಕಾರು ಸಾಕ್ಕೊಂಡಿರೋ ಗೆಳೆಯರು ಕೇಳೋದು ಒಂದೇ: ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸ್ತೀನಿ, ಯಾವ ಗೇಜ್ ತಗೊಳ್ಳಲಿ? ಉತ್ತರ ಇತಿಹಾಸದಲ್ಲಿದೆ.

1889ರಲ್ಲಿ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಒಂದು ಸಮೀಕರಣ ಕೊಟ್ಟರು. ಅದರ ಪ್ರಕಾರ, ಕಾದ ಜಿರ್ಕೋನಿಯಾ ಪಿಂಗಾಣಿಯ ಎರಡು ಬದಿಯಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತೆ. 1976ರಲ್ಲಿ ಬಾಷ್ ಇದೇ ತತ್ವದ ಲ್ಯಾಂಬ್ಡಾ ಸೆನ್ಸರನ್ನು ವೋಲ್ವೋ ಕಾರುಗಳಿಗೆ ಕೊಟ್ಟಿತು. ಕ್ಯಾಲಿಫೋರ್ನಿಯಾದ ಹೊಗೆ ಕಾನೂನು ಅಷ್ಟು ಬಿಗಿಯಾಗಿತ್ತು.

ಸೀಸ ಬೆರೆತ ಪೆಟ್ರೋಲ್ ಈ ಸೆನ್ಸರಿಗೆ ವಿಷ. ನಮ್ಮಲ್ಲಿ ಸೀಸರಹಿತ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, 2000ದಲ್ಲಿ ದೇಶಕ್ಕೆಲ್ಲ. ಆಮೇಲೇ ಸೆನ್ಸರ್ ಇಲ್ಲಿ ನಿರಾಳವಾಗಿ ಬಾಳಿದ್ದು.

ಹಳೇ ಸೆನ್ಸರ್ ಹೇಳ್ತಿದ್ದದ್ದು ಎರಡೇ ಮಾತು: ಇಂಧನ ಜಾಸ್ತಿ, ಇಲ್ಲಾ ಕಮ್ಮಿ. ವೈಡ್‌ಬ್ಯಾಂಡಿನಲ್ಲಿ ಇನ್ನೊಂದು ಕೋಶ ಆಮ್ಲಜನಕವನ್ನ ಒಳಗೆ-ಹೊರಗೆ ಪಂಪ್ ಮಾಡುತ್ತೆ. ಅದಕ್ಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದರಿಂದ ‘ಎಷ್ಟು’ ಜಾಸ್ತಿ, ಎಷ್ಟು ಕಮ್ಮಿ ಅಂತ ಗೊತ್ತಾಗುತ್ತೆ. ಆದರೆ ಗಮನಿಸಿ, ಟ್ಯಾಂಕಲ್ಲಿ ಯಾವ ಇಂಧನ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಅದು ಅಳೆಯೋದು ಲ್ಯಾಂಬ್ಡಾ, ಅಂದ್ರೆ ಸಿಕ್ಕ ಗಾಳಿ ಭಾಗಿಸು ಬೇಕಾದ ಗಾಳಿ. ಸರಿಯಾಗಿದ್ದರೆ 1. ಗೇಜ್ ಅದನ್ನ 14.7ರಿಂದ ಗುಣಿಸಿ ತೋರಿಸುತ್ತೆ, ಯಾಕಂದ್ರೆ ಶುದ್ಧ ಪೆಟ್ರೋಲ್ 1 ಗ್ರಾಂ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು.

ಈಗ ಪುಣೆಗೆ ಬರೋಣ. 2021ರ ಜೂನ್ 5ರಂದು ಇಲ್ಲಿನ ಮೂರು ಕಡೆ ಇ100 ಬಂಕ್‌ಗಳ ಪ್ರಯೋಗ ಶುರುವಾಯ್ತು. ಎಥೆನಾಲಿಗೆ ಬೇಕಾದ ಗಾಳಿ ಬರೀ 9 ಗ್ರಾಂ. 2023ರ ಫೆಬ್ರವರಿ 6ರಂದು ಬೆಂಗಳೂರಲ್ಲಿ ಇ20 ಬಿಡುಗಡೆಯಾಯ್ತು. ಅದಕ್ಕೆ ಸುಮಾರು 13.5.

ಅಪಾಯ ಇಲ್ಲೇ ಇದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 12.5 ಇರಲಿ ಅನ್ನೋದು ಪೆಟ್ರೋಲ್ ಕಾಲದ ಲೆಕ್ಕ, ಅಂದ್ರೆ ಲ್ಯಾಂಬ್ಡಾ 0.85. ಗೇಜನ್ನ ಇ20 ಅಳತೆಗೆ ಬದಲಿಸಿ, ಗುರಿ ಮಾತ್ರ ಅದೇ 12.5 ಇಟ್ಟರೆ ಲ್ಯಾಂಬ್ಡಾ 0.93 ಆಗುತ್ತೆ. ಘಾಟಿ ಹತ್ತುವಾಗ ನಾಕಿಂಗ್ ಶುರುವಾಗಬಹುದು, ಪಿಸ್ಟನ್ನಿಗೇ ಕುತ್ತು ಬರಬಹುದು.

ಹಾಗಾಗಿ ನನ್ನ ಸಲಹೆ: ಲ್ಯಾಂಬ್ಡಾ ತೋರಿಸೋ ಗೇಜ್ ತಗೊಳ್ಳಿ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಆದ್ರೆ ಕಂಟ್ರೋಲರೂ 4.9ಕ್ಕೇ ಮಾಡಿದ್ದಿರಲಿ, 4.2ರದ್ದು ಬೇಡ. ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದಕ್ಕಿಂತ ಮೊದಲೇ ಕೂರಿಸಿ, ನೀರು ನಿಲ್ಲದ ಹಾಗೆ ತುದಿ ಕೆಳಮುಖವಾಗಿರಲಿ. ಬಂಕಲ್ಲಿ ಇಂಧನ ಮತ್ತೆ ಬದಲಾದ್ರೂ 1 ಅಂದ್ರೆ 1ನೇ.