ಕೀಲಿ ತಿರುಗಿಸಿದಾಗ

ಬೆಳಿಗ್ಗೆ ಒಂಬತ್ತು ಗಂಟೆ. ಆಫೀಸಿಗೆ ಹೊರಟ ಯಜಮಾನರು ಕಾರಿನಲ್ಲಿ ಕುಳಿತು ಕೀಲಿ ತಿರುಗಿಸುತ್ತಾರೆ. ‘ಟಿಕ್’ ಎಂದು ಒಂದು ಸದ್ದು, ಅನಂತರ ಮೌನ. ಮತ್ತೆ ತಿರುಗಿಸಿದರೆ ಮತ್ತೆ ‘ಟಿಕ್’. ಬ್ಯಾಟರಿ ಸತ್ತಿದೆಯೆಂದು ಎದುರು ಮನೆಯವರು ತೀರ್ಪು ಕೊಡುತ್ತಾರೆ. ಹಾಲಿಗೆ ಹೊರಟವರೊಬ್ಬರು ನಿಂತು, ಪೆಟ್ರೋಲಿನಲ್ಲಿ ನೀರು ಸೇರಿರಬೇಕೆನ್ನುತ್ತಾರೆ. ಮೂರನೆಯವರು ಮಾತಿಗಿಂತ ಕೆಲಸವೇ ಲೇಸೆಂದು ತಳ್ಳಲು ತೋಳು ಮಡಿಸುತ್ತಾರೆ. ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಕೀಲಿ ಮುಟ್ಟುತ್ತಾನೆ. ಕಾರು ಏನೂ ನಡೆದೇ ಇಲ್ಲವೆಂಬಂತೆ ಹೊರಟುಬಿಡುತ್ತದೆ. “ಚೆನ್ನಾಗಿಯೇ ಇದೆಯಲ್ಲ ಸಾರ್!” ಎಂದು ಅವನು ನಗುತ್ತಾನೆ. ಯಜಮಾನರಿಗೆ ಕಾರು ಹೊರಟಿತೆಂಬ ಸಂತೋಷಕ್ಕಿಂತ, ತಾವು ಸುಳ್ಳು ಹೇಳಿದಂತಾಯಿತಲ್ಲ ಎಂಬ ಸಂಕೋಚವೇ ಹೆಚ್ಚು.

ಪೂರ್ತಿ ಕೆಟ್ಟುಹೋದ ಯಂತ್ರ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬಿಚ್ಚಿದರೆ ಮುರಿದದ್ದು ಕಣ್ಣಿಗೆ ಬೀಳುತ್ತದೆ. ಒಮ್ಮೆ ಹೊರಟು ಒಮ್ಮೆ ಹೊರಡದ ಕಾರಿನ ರೀತಿಯೇ ಬೇರೆ. ಹುಡುಕುವಾಗ ದೋಷವಿರುವುದಿಲ್ಲ, ದೋಷವಿರುವಾಗ ಹುಡುಕುವವರಿರುವುದಿಲ್ಲ. ಈ ಕಾಟಕ್ಕೆ ಮೋಟಾರು ಕಾರಿನಷ್ಟೇ ವಯಸ್ಸಾಗಿದೆ.

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದಾರಿ ಸುಮಾರು ನೂರು ಕಿಲೋಮೀಟರು. ಆ ಗಾಡಿಗೆ ಕೀಲಿ ಇರಲಿಲ್ಲ. ಹಿಂಭಾಗದಲ್ಲಿ ಅಡ್ಡಲಾಗಿ ಕೂರಿಸಿದ್ದ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ನಡುದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಆಕೆ ತನ್ನ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಕಿಡಿ ಒಯ್ಯುವ ತಂತಿಯ ಹೊದಿಕೆ ಸವೆದಿತ್ತು. ಕಾಲುಚೀಲದ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಕ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡುಕೊಂಡಳು. ಕಾರಿನ ರೋಗವನ್ನು ಹುಡುಕಿ ಗುಣಪಡಿಸಿದವರ ಸಾಲಿನಲ್ಲಿ ಮೊದಲ ಹೆಸರು ಆಕೆಯದೇ ಎನ್ನಬಹುದು. ಆಗ ಎಲ್ಲವೂ ಕಣ್ಣಿಗೆ ಕಾಣುವಂತಿತ್ತು, ಬೆರಳಿಗೆ ಸಿಗುವಂತಿತ್ತು ಎಂಬುದನ್ನೂ ಮರೆಯಬಾರದು.

ಮುಂದೆ ಎಂಜಿನುಗಳು ದೊಡ್ಡದಾದವು. ಅವನ್ನು ತಿರುಗಿಸಲು ಕಬ್ಬಿಣದ ಹ್ಯಾಂಡಲು ಬಂದಿತು. ಹ್ಯಾಂಡಲು ಹೊಡೆಯುವುದು ಒಂದು ವಿದ್ಯೆಯೇ ಆಗಿತ್ತು. ಕಿಡಿ ಹಾರುವ ಕಾಲವನ್ನು ಮೊದಲು ಹಿಂದಕ್ಕೆ ಸರಿಸಿಟ್ಟುಕೊಳ್ಳಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು. ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ತಪ್ಪಿದರೆ ಎಂಜಿನು ಹಿಮ್ಮೆಟ್ಟಿ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಮಣಿಕಟ್ಟಿನ ಅಂಥದೊಂದು ಮುರಿತಕ್ಕೆ ವೈದ್ಯಗ್ರಂಥಗಳಲ್ಲಿ ಇಂದಿಗೂ ‘ಷೋಫರನ ಮುರಿತ’ ಎಂಬ ಹೆಸರಿದೆ.

ಈ ಹ್ಯಾಂಡಲನ್ನು ತೊಲಗಿಸಿದ ಕೀರ್ತಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನಿಗೆ ಸಲ್ಲುತ್ತದೆ. ಬೈರನ್ ಕಾರ್ಟರ್ ಎಂಬ ಕಾರು ತಯಾರಕನು ದಾರಿಯಲ್ಲಿ ನಿಂತ ಹೆಂಗಸೊಬ್ಬಳ ಕಾರಿಗೆ ಹ್ಯಾಂಡಲು ಹೊಡೆಯಲು ಹೋಗಿ ದವಡೆಗೆ ಪೆಟ್ಟುಬಿದ್ದು ಸತ್ತನೆಂದೂ, ಅವನ ಮಿತ್ರನಾದ ಕ್ಯಾಡಿಲಾಕ್ ಕಂಪೆನಿಯ ಹೆನ್ರಿ ಲೆಲೆಂಡ್ ಮನನೊಂದು, ಇನ್ನು ಹ್ಯಾಂಡಲು ಕೂಡದೆಂದು ಕೆಟರಿಂಗನನ್ನು ಕರೆಸಿದನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಅದು ನಡೆದದ್ದು 1910ರ ಚಳಿಗಾಲದಲ್ಲೆಂದು ಹೇಳುವುದುಂಟು. ಆದರೆ ಕಾರ್ಟರನು 1908ರಲ್ಲಿಯೇ ತೀರಿಕೊಂಡಿದ್ದನು. ಆದುದರಿಂದ ಕಥೆಯನ್ನು ಇದ್ದಂತೆಯೇ ನಂಬುವಂತಿಲ್ಲ. ಹ್ಯಾಂಡಲಿನ ಅಪಾಯವನ್ನು ಮಾತ್ರ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಎಂಜಿನನ್ನು ತಿರುಗಿಸಬಲ್ಲ ವಿದ್ಯುತ್ ಮೋಟಾರು ಎಂಜಿನಿನಷ್ಟೇ ದೊಡ್ಡದಾಗಬೇಕು, ಅದನ್ನು ಕಾರಿನಲ್ಲಿ ಹೊರುವುದು ಹೇಗೆ ಎಂಬುದು ಅಂದಿನ ಬಲ್ಲವರ ಆಕ್ಷೇಪಣೆ. ಕೆಟರಿಂಗ್ ಅದಕ್ಕೆ ಮುಂಚೆ ಡೇಟನ್ ನಗರದ ಕಂಪೆನಿಯೊಂದರಲ್ಲಿ ಅಂಗಡಿಯ ಹಣದ ಲೆಕ್ಕದ ಯಂತ್ರಕ್ಕೆ ವಿದ್ಯುತ್ ಮೋಟಾರು ಅಳವಡಿಸಿದ್ದನು. ಆ ಮೋಟಾರು ಕೆಲಸ ಮಾಡುವುದು ಕ್ಷಣಹೊತ್ತು, ಆಮೇಲೆ ವಿಶ್ರಾಂತಿ. ಕಾರಿನದೂ ಅಷ್ಟೇ ಅಲ್ಲವೇ ಎಂದು ಅವನಿಗೆ ಹೊಳೆಯಿತು. ದಿನವಿಡೀ ದುಡಿಯಬೇಕಾದ ಮೋಟಾರು ದೊಡ್ಡದಿರಬೇಕು, ನಿಜ; ಕೆಲವೇ ಸೆಕೆಂಡು ದುಡಿಯುವ ಚಿಕ್ಕ ಮೋಟಾರಿನ ಮೇಲೆ ಮಿತಿಮೀರಿದ ಹೊರೆ ಹೊರಿಸಿದರೂ ಅದು ಸುಡುವುದಿಲ್ಲ. 1912ರ ಮಾದರಿಯ ಕ್ಯಾಡಿಲಾಕ್ ಕಾರು ಈ ‘ಸೆಲ್ಫ್’ ಸಹಿತವಾಗಿಯೇ ಮಾರಾಟಕ್ಕೆ ಬಂದಿತು. ಹ್ಯಾಂಡಲಿನ ಕಾಟವಿಲ್ಲವೆಂದು ಅಲ್ಲಿಯವರೆಗೆ ವಿದ್ಯುತ್ ಕಾರುಗಳನ್ನು ಮೆಚ್ಚಿದ್ದವರೂ ಕ್ರಮೇಣ ಪೆಟ್ರೋಲಿನ ಕಡೆಗೆ ತಿರುಗಿದರು. 1908ರಲ್ಲಿ ಹುಟ್ಟಿದ ಫೋರ್ಡಿನ ಮಾಡೆಲ್ ಟಿ ಕಾರಿಗೂ 1919ರಲ್ಲಿ ಸೆಲ್ಫ್ ದೊರೆಯಿತು.

ಹೀಗೆ ತೋಳಿನ ಶ್ರಮ ತಪ್ಪಿತು. ಆದರೆ ಎಲ್ಲರಿಗೂ ಕಾಣುತ್ತಿದ್ದ ಒಂದು ಕಬ್ಬಿಣದ ಹ್ಯಾಂಡಲಿನ ಜಾಗದಲ್ಲಿ ಯಾರಿಗೂ ಕಾಣದ ಹತ್ತಾರು ಕೊಂಡಿಗಳು ಬಂದು ಕುಳಿತವು. ಬ್ಯಾಟರಿ, ಅದರ ಎರಡು ಟರ್ಮಿನಲ್ಲುಗಳು, ಕಾರಿನ ಮೈಗೆ ಬಿಗಿದ ಅರ್ತ್ ತಂತಿ, ಕೀಲಿಯ ಸ್ವಿಚ್ಚು, ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸೊಲೆನಾಯ್ಡು, ಸೆಲ್ಫ್ ಮೋಟಾರಿನ ಇದ್ದಲ ಬ್ರಷ್ಷು, ಫ್ಲೈವೀಲಿನ ಹಲ್ಲು—ಇವುಗಳಲ್ಲಿ ಯಾವುದೊಂದು ಸಡಿಲವಾದರೂ ಕಾರು ತನ್ನ ಇಷ್ಟ ಬಂದಾಗ ಹೊರಡುವಂತೆ ತೋರುತ್ತದೆ.

“ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಬ್ಯಾಟರಿಯ ಕಡೆ ದೋಷವಿಲ್ಲ” ಎಂಬ ಮಾತನ್ನು ವಾಚಕರೆಲ್ಲರೂ ಕೇಳಿರಬೇಕು. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಕಾರಿನ ಎರಡು ಮುಂದೀಪಗಳಿಗೆ ಬೇಕಾಗುವುದು ಸುಮಾರು 10 ಆಂಪಿಯರ್ ವಿದ್ಯುತ್ತು. ಸೆಲ್ಫಿಗೆ ನೂರು, ನೂರೈವತ್ತು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಬೂಷ್ಟು ಕಟ್ಟಿ ಒಂದು ಓಮಿನ ನೂರರಲ್ಲಿ ಎರಡು ಭಾಗದಷ್ಟು ತಡೆ ಉಂಟಾಯಿತೆನ್ನೋಣ. ದೀಪ ಉರಿಸುವಾಗ ಅಲ್ಲಿ ನಷ್ಟವಾಗುವುದು 0.2 ವೋಲ್ಟು, ಯಾರಿಗೂ ತಿಳಿಯುವುದಿಲ್ಲ. ಸೆಲ್ಫ್ 150 ಆಂಪಿಯರ್ ಕೇಳಿದಾಗ ಅದೇ ಜಾಗದಲ್ಲಿ 3 ವೋಲ್ಟು ನುಂಗಿಹೋಗುತ್ತದೆ. ಹನ್ನೆರಡು ವೋಲ್ಟಿನ ಕಾರಿಗೆ ಅದು ಕಾಲುಭಾಗ. ಮೆಕ್ಯಾನಿಕ್ ಬಾನೆಟ್ಟು ಎತ್ತಿ ತಂತಿಗಳನ್ನು ಮುಟ್ಟಿ ನೋಡುವಷ್ಟರಲ್ಲಿ ಟರ್ಮಿನಲ್ಲು ಒಂದು ಕೂದಲೆಳೆಯಷ್ಟು ಕದಲುತ್ತದೆ, ಲೋಹಕ್ಕೆ ಲೋಹ ತಗಲುತ್ತದೆ, ಕಾರು ಹೊರಡುತ್ತದೆ. ದೋಷ ಮಾತ್ರ ಹೋಗಿರುವುದಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಅನುಭವಿಗಳು ಅನುಸರಿಸುವ ಕ್ರಮ ಸರಳವಾದದ್ದು. ಕಾರು ಹೊರಡದಿದ್ದ ಆ ಗಳಿಗೆಯಲ್ಲಿಯೇ ಮುಂದೀಪ ಹಾಕಿ ಕೀಲಿ ತಿರುಗಿಸಬೇಕು. ದೀಪ ಕಂದಿಹೋದರೆ ಬ್ಯಾಟರಿಯನ್ನೂ ಟರ್ಮಿನಲ್ಲುಗಳನ್ನೂ ಮೊದಲು ನೋಡಬೇಕು. ದೀಪ ಕದಲದೆ, ಸದ್ದೂ ಇಲ್ಲದಿದ್ದರೆ ಸ್ವಿಚ್ಚು, ಸೊಲೆನಾಯ್ಡುಗಳ ಮೇಲೆ ಸಂಶಯ. ಎಂಜಿನು ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಸೆಲ್ಫ್ ನಿರಪರಾಧಿ. ಪೆಟ್ರೋಲು ಅಥವಾ ಕಿಡಿ ತಪ್ಪುತ್ತಿದೆ. ಸೆಲ್ಫ್ ಮೋಟಾರಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದೊಡನೆ ಹೊರಟರೆ ಒಳಗಿನ ಬ್ರಷ್ಷು ಸವೆದಿರುವ ಸಂಭವವೇ ಹೆಚ್ಚು. ತಟ್ಟುವುದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ. ಇದನ್ನು ಮರೆತು ತಿಂಗಳುಗಟ್ಟಲೆ ತಟ್ಟುತ್ತಲೇ ಕಾಲ ಕಳೆಯುವವರುಂಟು.

ಎಲ್ಲಿ ಎಂಬುದರಷ್ಟೇ ಮುಖ್ಯವಾದದ್ದು ‘ಯಾವಾಗ’ ಎಂಬ ಪ್ರಶ್ನೆ. ನಮ್ಮ ನಾಡಿನ ಡ್ರೈವರುಗಳು ಇದನ್ನು ಪುಸ್ತಕ ಓದದೆಯೇ ಬಲ್ಲವರಾಗಿದ್ದರು. 2014ರವರೆಗೆ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರನ್ನು ಬೇಸಗೆಯಲ್ಲಿ ಓಡಿಸಿದವರಿಗೆ ನೆನಪಿರಬಹುದು. ತಣ್ಣಗಿದ್ದಾಗ ಒಂದೇ ಏಟಿಗೆ ಹೊರಡುತ್ತಿದ್ದ ಹಳೆಯ ಗಾಡಿ ದೂರ ಓಡಿಬಂದು ಹತ್ತು ನಿಮಿಷ ನಿಂತಿತೆಂದರೆ ಹಟ ಹಿಡಿಯುತ್ತಿತ್ತು. ಎಂಜಿನಿನ ಪಕ್ಕದಲ್ಲಿಯೇ ಬಿಗಿದಿದ್ದ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಆ ಆವಿಯನ್ನು ಪಂಪು ಎಳೆಯಲಾರದೆ ಹೋಗುತ್ತಿತ್ತು. ಡ್ರೈವರು ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಬೀಡಿ ಮುಗಿಯುವವರೆಗೆ ಕಾದು, ಮತ್ತೆ ಕೀಲಿ ತಿರುಗಿಸುತ್ತಿದ್ದನು. ನೋಡುವವರಿಗೆ ಅದು ಮಂತ್ರ. ಅವನಿಗೆ ಮಾತ್ರ ಕಾರಣ ಗೊತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ, ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂದ ಮೇಲೆ ಆ ಒದ್ದೆ ಬಟ್ಟೆಗೆ ಕೆಲಸ ತಪ್ಪಿತು. ಆದರೆ ಶಾಖದ ಆಟ ಮುಗಿಯಲಿಲ್ಲ. ಎಂಜಿನಿನ ತಿರುಗಾಟವನ್ನು ಅಳೆಯುವ ಪುಟ್ಟ ಸೆನ್ಸರು ಕೆಲವು ಕಾರುಗಳಲ್ಲಿ ಕಾದಾಗ ಕೈಕೊಟ್ಟು, ಅರ್ಧ ಗಂಟೆಯಲ್ಲಿ ತಣಿದು ಸರಿಯಾಗುತ್ತದೆ. ಕೀಲಿಯೊಳಗಿನ ಚಿಪ್ಪಿನ ಗುರುತು ಸಿಗದಿದ್ದರೂ ಇಂದಿನ ಕಾರು ಕದಲುವುದಿಲ್ಲ.

ಇದೆಲ್ಲ ಒಂದು ಬೆಳಗಿನ ಬೇಸರದ ಮಾತೆಂದು ತಳ್ಳಿಹಾಕುವಂತಿಲ್ಲ. ಬಂದುಹೋಗುವ ದೋಷವನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಕೀಲಿ ಸ್ವಿಚ್ಚಿನ ಪ್ರಕರಣ ಸಾಕ್ಷಿಯಾಗಿ ನಿಂತಿದೆ. ಅದರ ಕೆಲವು ಚಿಕ್ಕ ಕಾರುಗಳಲ್ಲಿ ಚಳಿಯಲ್ಲಿ ಕಾರು ಹೊರಡದೆಂಬ ದೂರು ಆ ಸ್ವಿಚ್ಚಿನ ಮೇಲೆ ಮೊದಲೇ ಬಂದಿತ್ತು. ಅದೇ ಸ್ವಿಚ್ಚಿನಲ್ಲಿ ಇನ್ನೂ ಘೋರವಾದೊಂದು ದೋಷವಿತ್ತು. ಒಳಗಿನ ಸ್ಪ್ರಿಂಗಿನ ಹಿಡಿತ ಸಾಲದೆ, ಕೀಲಿಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಸ್ವಿಚ್ಚು ಓಡುತ್ತಿರುವಾಗಲೇ ಜಾರಿ ಎಂಜಿನು ನಿಲ್ಲುತ್ತಿತ್ತು. ಅಪಘಾತದಲ್ಲಿ ಕಾಪಾಡಬೇಕಾದ ಗಾಳಿಚೀಲಗಳೂ ತೆರೆಯುತ್ತಿರಲಿಲ್ಲ. ನಿಂತ ಕಾರು ಮತ್ತೆ ಹೊರಡುತ್ತಿತ್ತಾದ್ದರಿಂದ ಅದು ಸಣ್ಣ ಅನನುಕೂಲವೆಂದು ಎಣಿಸಲ್ಪಟ್ಟಿತು. 2006ರಲ್ಲಿ ಆ ಭಾಗವನ್ನು ಸದ್ದಿಲ್ಲದೆ ತಿದ್ದಿದರು, ಆದರೆ ಅದರ ನಂಬರನ್ನು ಬದಲಾಯಿಸಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ತನಿಖೆ ಮಾಡುವವರಿಗೆ ತಿಳಿಯದಂತಾಯಿತು. ಮೃತಳೊಬ್ಬಳ ಮನೆಯವರ ಪರವಾಗಿ ಹುಡುಕುತ್ತಿದ್ದ ಎಂಜಿನಿಯರೊಬ್ಬನು ಅಪಘಾತದ ಕಾರಿನ ಸ್ವಿಚ್ಚನ್ನೂ ಹೊಸದಾಗಿ ಕೊಂಡ ಸ್ವಿಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ಬಿಚ್ಚಿ ನೋಡಿದಾಗ ಗುಟ್ಟು ರಟ್ಟಾಯಿತು. 2014ರಲ್ಲಿ ಕಂಪೆನಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗೆ ಕರೆಸಿತು. 124 ಮಂದಿಯ ಸಾವಿಗೆ ಆ ಸ್ವಿಚ್ಚು ಕಾರಣವೆಂದು ಪರಿಹಾರ ನಿಧಿ ಒಪ್ಪಿತು. 2015ರಲ್ಲಿ ಸರ್ಕಾರದೊಡನೆ ಆದ ಒಪ್ಪಂದದಂತೆ ಕಂಪೆನಿ 90 ಕೋಟಿ ಡಾಲರು ತೆರಬೇಕಾಯಿತು.

ಆ ಎಂಜಿನಿಯರು ಮಾಡಿದ್ದು ಬರ್ತಾ ಬೆಂಜಳ ಕೆಲಸದ ಜಾತಿಗೇ ಸೇರಿದ್ದು: ವಸ್ತುವನ್ನು ಕೈಗೆತ್ತಿಕೊಂಡು ಕಣ್ಣಿಟ್ಟು ನೋಡುವುದು. ಅದಕ್ಕೂ ಮೊದಲು ಆಗಬೇಕಾಗಿದ್ದ ಕೆಲಸವೊಂದಿತ್ತು. ಕಾರು ನಿಂತಿತೆಂದು ಹೇಳಿದವರ ಮಾತನ್ನು ನಂಬುವುದೇ ಆ ಕೆಲಸ.

ಕಾಲ ತಿರುಗಿ ಮತ್ತೆ ವಿದ್ಯುತ್ ಕಾರುಗಳು ಬಂದಿವೆ. ಅವಕ್ಕೆ ಸೆಲ್ಫೂ ಇಲ್ಲ, ಪೆಟ್ರೋಲೂ ಇಲ್ಲ. ಆದರೂ ಅವುಗಳಲ್ಲಿ ಬಹುಪಾಲು ಕಾರುಗಳ ಮೂಲೆಯಲ್ಲಿ ಹನ್ನೆರಡು ವೋಲ್ಟಿನ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ, ತಳದ ದೊಡ್ಡ ಬ್ಯಾಟರಿ ತುಂಬಿತುಳುಕುತ್ತಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಟಿಕ್ ಸದ್ದಿನ ಸಂತತಿ ಸುಲಭವಾಗಿ ಅಳಿಯುವಂತಿಲ್ಲ.

ಆದುದರಿಂದ ನಮ್ಮ ಯಜಮಾನರು ನಾಚಿಕೊಳ್ಳಬೇಕಾದ ಕಾರಣವಿಲ್ಲ. ಕಾರಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು, ಹೊರಡದ ದಿನ ಯಾವುದು, ಎಂಜಿನು ಬಿಸಿಯಾಗಿತ್ತೋ ತಣ್ಣಗಿತ್ತೋ, ಮಳೆ ಬಂದಿತ್ತೋ, ದೀಪ ಕಂದಿತೋ, ಎಂಥ ಸದ್ದು ಬಂದಿತು ಎಂಬುದನ್ನು ಬರೆದಿಡಲಿ. ಹತ್ತು ಸಲ ಬರೆಯುವಷ್ಟರಲ್ಲಿ ಕಾರಿನ ಹಟವೆಂದು ತೋರಿದ್ದಕ್ಕೆ ಒಂದು ನಿಯಮ ಕಾಣಿಸಿಕೊಳ್ಳುತ್ತದೆ. ಮೆಕ್ಯಾನಿಕ್ ಬಂದು “ಚೆನ್ನಾಗಿಯೇ ಇದೆಯಲ್ಲ ಸಾರ್” ಎಂದಾಗ ಆ ಪುಸ್ತಕವನ್ನು ಅವನ ಕೈಗೆ ಕೊಟ್ಟರೆ ಸಾಕು.